ಸಾತಳ್ಳಿಯ ದೊಡ್ಡ ಸ್ವಾಮಿಯವರು

ಮೈಸೂರಿನ ಚರಿತ್ರೆಯನ್ನು ಓದಿದವರಿಗೆ ಅಬ್ಬೆ ದುಬ್ವಾ ಎಂಬ ಹೆಸರು ಹೊಸದಲ್ಲ. ಇಂಗ್ಲಿಷ್ ಕಾಗುಣಿತವನ್ನು ನೋಡಿ ಅದನ್ನು 'ಡುಬಾಯ್' ಎಂದು ಓದುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಫ್ರೆಂಚರ ಬಾಯಲ್ಲಿ ಅದು ದುಬ್ವಾ. 'ಅಬ್ಬೆ' ಎಂಬುದಂತೂ ಹೆಸರಿನ ಭಾಗವೇ ಅಲ್ಲ. ಫ್ರಾನ್ಸಿನಲ್ಲಿ ಪಾದ್ರಿಗಳಿಗೆ ಸಲ್ಲುವ ಗೌರವದ ಮಾತು, 'ತಂದೆ' ಎಂಬ ಅರ್ಥದ ಒಂದು ಪ್ರಾಚೀನ ಶಬ್ದದಿಂದ ಬಂದದ್ದು. ನಮ್ಮ ಹಳಗನ್ನಡದಲ್ಲಿಯಾದರೋ ಅಬ್ಬೆಯೆಂದರೆ ತಾಯಿ. ಈ ಆಕಸ್ಮಿಕದಿಂದ ನಾವು ಯಾವ ಸಿದ್ಧಾಂತವನ್ನೂ ಹೊರಡಿಸತಕ್ಕದ್ದಿಲ್ಲ. ಕನ್ನಡಿಗರ ಕಿವಿಗೆ ಹಿತವಾಗಿ ಕೇಳುತ್ತದೆಯಾದುದರಿಂದ ಹೇಳಿದೆವು.

ದುಬ್ವಾ ಅವರ ಕೀರ್ತಿಯೆಲ್ಲ ಒಂದು ಪುಸ್ತಕದಿಂದ ಬಂದದ್ದು. ಹಿಂದೂಗಳ ಆಚಾರವಿಚಾರಗಳನ್ನೂ ಸಂಸ್ಕಾರಗಳನ್ನೂ ವಿವರಿಸುವ ಆ ದೊಡ್ಡ ಗ್ರಂಥವನ್ನು ಒಂದು ಶತಮಾನಕ್ಕೂ ಮೇಲ್ಪಟ್ಟು ಯೂರೋಪಿನ ವಿದ್ವಾಂಸರೂ ಈ ದೇಶಕ್ಕೆ ಬರುವ ಇಂಗ್ಲಿಷ್ ಅಧಿಕಾರಿಗಳೂ ಓದುತ್ತ ಬಂದರು. ಆದರೆ ಪುಸ್ತಕ ಬರೆಯುವುದು ಅವರ ವೃತ್ತಿಯಾಗಿರಲಿಲ್ಲ. ಅವರು ಹಳ್ಳಿಗಾಡಿನ ಗುರುಗಳು. ಚದರಿಹೋಗಿದ್ದ ಬಡ ಕ್ರೈಸ್ತ ಒಕ್ಕಲುಗಳನ್ನು ಹುಡುಕಿಕೊಂಡು ಊರಿಂದೂರಿಗೆ ಅಲೆದು, ಅವರ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ, ಮದುವೆಗಳನ್ನು ನಡೆಸಿ, ಸತ್ತವರನ್ನು ಮಣ್ಣು ಮಾಡಿ, 31 ವರ್ಷಕಾಲ ದಕ್ಷಿಣದೇಶದಲ್ಲಿ ಕಳೆದವರು. ಆ ಕೆಲಸವೆಲ್ಲ ವ್ಯರ್ಥವಾಯಿತೆಂದು ಕೊನೆಯಲ್ಲಿ ತಾವೇ ಅಚ್ಚುಹಾಕಿಸಿ ಲೋಕಕ್ಕೆ ಸಾರಿದರು. ಮನುಷ್ಯನು ತನ್ನ ಬಾಳಿನ ಮೇಲೆ ತಾನೇ ಕೊಟ್ಟುಕೊಂಡ ತೀರ್ಪನ್ನು ಚರಿತ್ರಕಾರನು ಒಪ್ಪಲೇಬೇಕೆ? ಈ ಹೊತ್ತು ನಾವು ವಿಚಾರಮಾಡತಕ್ಕದ್ದು ಇದನ್ನೇ.

ದುಬ್ವಾ ಅವರು ಫ್ರಾನ್ಸಿನ ತೆಂಕಣ ಭಾಗದ ಆರ್ದೇಷ್ ಪ್ರಾಂತದ ಸೇಂಟ್ ರೆಮೇಸ್ ಎಂಬ ಊರಿನವರು. ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘಕ್ಕೆ ಸೇರಿ, 1792ರಲ್ಲಿ ಗುರುಪಟ್ಟವನ್ನು ಪಡೆದು ಅದೇ ವರ್ಷ ಹಡಗು ಹತ್ತಿದರು. ಆಗ ಅವರಿಗೆ ಇಪ್ಪತ್ತಾರರ ಆಸುಪಾಸು. ಫ್ರಾನ್ಸಿನಲ್ಲಿ ಕ್ರಾಂತಿಯ ಬಿರುಗಾಳಿ ಬೀಸುತ್ತಿದ್ದ ಕಾಲ ಅದು. ಹೊಸ ಸರ್ಕಾರಕ್ಕೆ ಪ್ರಮಾಣಮಾಡಲೊಪ್ಪದ ಪಾದ್ರಿಗಳು ಸೆರೆಗೋ ದೇಶಭ್ರಷ್ಟತೆಗೋ ಗುರಿಯಾಗುತ್ತಿದ್ದರು. ಆ ವರ್ಷದ ಸೆಪ್ಟೆಂಬರ್ ತಿಂಗಳಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ನೂರಾರು ಮಂದಿ ಪಾದ್ರಿಗಳ ಕೊಲೆಯೇ ನಡೆಯಿತು. ತಾವು ಅಲ್ಲಿಯೇ ಉಳಿದಿದ್ದರೆ ಅದೇ ಗತಿ ತಮಗೂ ಒದಗುತ್ತಿತ್ತೆಂಬುದು ದುಬ್ವಾ ಅವರ ಎಣಿಕೆ.

ಅವರು ಬಂದು ಸೇರಿದ ಮಿಷನ್ನಿನ ಸ್ಥಿತಿಯಾದರೂ ಸುಖಕರವಾಗಿರಲಿಲ್ಲ. ಕನ್ನಡನಾಡಿನ ಒಳಭಾಗಕ್ಕೆ ಕಥೋಲಿಕ ಧರ್ಮವನ್ನು ತಂದವರು ಯೇಸುಸಂಘದ ಪಾದ್ರಿಗಳು. ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಎಂಬಾತನು 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಕನ್ನಡಕ್ಕೆ ಒಂದು ವ್ಯಾಕರಣವನ್ನೂ ರಚಿಸಿದನು. ಆ ಪಾದ್ರಿಗಳು ಕಾವಿಯುಟ್ಟು, ಮಾಂಸವನ್ನು ಬಿಟ್ಟು, ಸಂನ್ಯಾಸಿಗಳಂತೆ ಬದುಕಿದರು. ಮೇಲಿನ ಜಾತಿಗಳವರ ವಿಶ್ವಾಸವನ್ನು ಸಂಪಾದಿಸಬೇಕೆಂಬುದು ಅವರ ಹವಣು. ಆದರೆ ಮೇಲಿನವರ ಮನೆಗೆ ಹೋಗುವ ಸಂನ್ಯಾಸಿಯು ಕೇರಿಯ ಗುಡಿಸಿಲಿಗೆ ಕಾಲಿಡುವುದು ಹೇಗೆ? ಈ ಜಗಳ ರೋಮಿನವರೆಗೂ ಹೋಯಿತು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಇಂಥ ಹೊಂದಾಣಿಕೆಗಳನ್ನು ಬಹುಮಟ್ಟಿಗೆ ನಿಷೇಧಿಸಿ ಅಪ್ಪಣೆ ಕೊಡಿಸಿದರು. 1773ರಲ್ಲಿ ಯೇಸುಸಂಘವೇ ರದ್ದಾಯಿತು. ಅವರ ಸ್ಥಾನಕ್ಕೆ ಬಂದ ಪ್ಯಾರಿಸ್ ಸಂಘದವರ ಸಂಖ್ಯೆ ಅತ್ಯಲ್ಪ. ಸೀಮೆಯೋ ಬಲು ವಿಸ್ತಾರ. ಇದರ ಮೇಲೆ ಹೈದರಾಲಿಯ ಕಾಲದಿಂದ ಒಂದರ ಹಿಂದೆ ಒಂದಾಗಿ ಯುದ್ಧಗಳು. 1784ರಲ್ಲಿ ಟಿಪ್ಪುಸುಲ್ತಾನನು ಕನ್ನಡ ಜಿಲ್ಲೆಯ ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯಿಂದ, ಸಾವಿರಾರು ಸಂಖ್ಯೆಯಲ್ಲಿ ಹಿಡಿಸಿ ಘಟ್ಟದ ಮೇಲಕ್ಕೆ ನಡೆಸಿದುದು ನಮ್ಮ ಕೇಳುಗರಿಗೆ ತಿಳಿದ ವಿಷಯ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಸ್ವಲ್ಪಕಾಲದಲ್ಲಿಯೇ, ಮುಂದೆ ವೆಲ್ಲಿಂಗ್ಟನ್ ಡ್ಯೂಕನೆಂದು ಹೆಸರಾದ ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನ ಮೇಲೆ ದುಬ್ವಾ ಅವರಿಗೆ ಮೈಸೂರು ಸೀಮೆಗೆ ಬರುವಂತೆ ಕರೆ ಬಂದಿತು. ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಇಂಗ್ಲಿಷ್ ಸೇನಾನಿಯೊಬ್ಬನು ಫ್ರೆಂಚ್ ಪಾದ್ರಿಯನ್ನು ಕರೆಸಿಕೊಂಡುದು ಸ್ವಲ್ಪ ಸೋಜಿಗವೇ. ಒಡೆದುಹೋದ ಕ್ರೈಸ್ತ ಸಮಾಜವನ್ನು ಮರಳಿ ಕೂಡಿಸಬೇಕಾಗಿತ್ತು, ಅದಕ್ಕೆ ಕಥೋಲಿಕ ಗುರುವೇ ಬೇಕಾಗಿತ್ತು. ಆಳುವವರಿಗೆ ಬೇಕಾದುದು ನೆಮ್ಮದಿ. 1800-01ರಲ್ಲಿ ಈ ಸೀಮೆಯನ್ನೆಲ್ಲ ಸುತ್ತಿದ ಡಾಕ್ಟರ್ ಬುಕಾನನ್ನನ ಬರಹದಿಂದ ಆಗಿನ ದುಃಸ್ಥಿತಿ ತಿಳಿಯುತ್ತದೆ: ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷದಷ್ಟು ಜನರಿದ್ದರೆಂದು ಅಂದಾಜುಮಾಡಿದ್ದ ಶ್ರೀರಂಗಪಟ್ಟಣದ ದ್ವೀಪದಲ್ಲಿ ಆಗ ಉಳಿದಿದ್ದವರು ಸುಮಾರು 32,000. ಹಳ್ಳಿಗಳಲ್ಲಿ ಪಾಳುಬಿದ್ದ ಮನೆಗಳು, ಬೀಳುಬಿದ್ದ ಹೊಲಗಳು.

ಸೆರೆಯಿಂದ ಬಿಡುಗಡೆಯಾದ ಕ್ರೈಸ್ತರಲ್ಲಿ ಬಹುಮಂದಿ ತಮ್ಮ ಊರುಗಳಿಗೆ ಹಿಂದಿರುಗಿದರು. ಕೆಲವರು ಇಲ್ಲಿಯೇ ನಿಂತರು. ಬಲಾತ್ಕಾರದಿಂದ ಮತವನ್ನು ಬಿಟ್ಟಿದ್ದವರು, ಅದೆಲ್ಲ ಮೇಲುತೋರಿಕೆಗೆ ಮಾತ್ರ ನಡೆದದ್ದೆಂದು ಹೇಳಿಕೊಂಡು ಗುರುಗಳ ಮುಂದೆ ಬಂದು ನಿಂತರು. ದುಬ್ವಾ ಅವರು ಈ ಪ್ರಸಂಗವನ್ನು ಕುರಿತು ಮುಂದೆ ಬರೆದ ಮಾತುಗಳು ಕಠೋರವಾಗಿವೆ. ಅಷ್ಟು ಸಾವಿರ ಜನರಲ್ಲಿ ತನ್ನ ನಂಬಿಕೆಗಾಗಿ ಪ್ರಾಣಕೊಡುವ ಧೈರ್ಯ ಒಬ್ಬನಿಗೂ ಇರಲಿಲ್ಲವಲ್ಲಾ ಎಂದು ಅವರಿಗೆ ನಾಚಿಕೆ. ಹೆಂಡಿರು ಮಕ್ಕಳೊಡನೆ ಘಟ್ಟವನ್ನು ಕಾಲುನಡಿಗೆಯಲ್ಲಿ ಹತ್ತಿದವರನ್ನು ಈ ತೂಕದಲ್ಲಿ ತೂಗಬಹುದೆ ಎಂದು ನಮಗೆ ತೋರುತ್ತದೆ. ಆದರೆ ಬರೆಯುವಾಗ ಇಷ್ಟು ಕಟುವಾಗಿದ್ದ ಈ ಮನುಷ್ಯನೇ ಬಂದವರನ್ನು ಮರಳಿ ಕೂಡಿಸುವ ಕೆಲಸವನ್ನು ಹೊತ್ತವನು ಎಂಬುದನ್ನೂ ಮರೆಯಲಾಗದು. ಲೇಖನಿಗೂ ನಡತೆಗೂ ನಡುವೆ ಇರುವ ಈ ಅಂತರವು ದುಬ್ವಾ ಅವರ ಬಾಳಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನಿಂದ ಕರೆಯುವ ಇಗರ್ಜಿಯೊಂದು ಉಂಟು. ಆದರೆ ಅವರ ಕೆಲಸ ಒಂದು ಊರಿಗೆ ಕಟ್ಟುಬಿದ್ದದ್ದಲ್ಲ. ಹಳ್ಳಿಗಾಡಿನ ಗುರುಗಳ ಜೀವನ ಆ ಕಾಲದಲ್ಲಿ ಹೇಗಿತ್ತೆಂಬುದನ್ನು ಪಟ್ಟಣವಾಸಿಗಳಾದ ನಾವು ಕಲ್ಪಿಸಿಕೊಳ್ಳುವುದು ಕಷ್ಟ. ಒಂದೂರಿನಲ್ಲಿ ನಾಲ್ಕು ಮನೆ, ಹತ್ತು ಹರದಾರಿಯಾಚೆ ಇನ್ನೆರಡು ಮನೆ. ಗುರುಗಳು ಬರುವುದು ಯಾವಾಗಲೋ ಒಮ್ಮೆ. ಅವರಿಲ್ಲದಾಗ ಜಪತಪಗಳನ್ನು ನಡೆಸಿಕೊಂಡು ಹೋಗಲು ಒಬ್ಬ ಉಪದೇಶಿ. ದೇವಾಲಯವೆಂದರೆ ಮಣ್ಣಿನ ಗೋಡೆ, ಹುಲ್ಲಿನ ಮಾಡು. ದುಬ್ವಾ ಅವರು ದೇಶೀ ಉಡುಪನ್ನು ಧರಿಸಿದರು. ಊಟ, ವಸತಿ, ನಡೆನುಡಿಗಳಲ್ಲಿ ಇಲ್ಲಿಯವರಂತೆಯೇ ಇರಬೇಕೆಂಬುದನ್ನು ನಿಯಮವಾಗಿ ಇಟ್ಟುಕೊಂಡಿದ್ದುದಾಗಿ ತಾವೇ ಹೇಳಿದ್ದಾರೆ. ಥಾಮಸ್ ಹಿಕ್ಕಿ ಎಂಬ ಚಿತ್ರಗಾರನು ಬರೆದ ಅವರ ಭಾವಚಿತ್ರವೊಂದು ಮದರಾಸಿನ ಸಾಹಿತ್ಯ ಸಂಘದಲ್ಲಿತ್ತು. ಅದರಲ್ಲಿಯೂ ಅವರ ಉಡುಪು ಈ ದೇಶದ್ದೇ. ಜನರು ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಅವರು ಹೊರಟುಹೋಗಿ ಮುಕ್ಕಾಲು ಶತಮಾನವಾದ ಮೇಲೂ ಆ ಹೆಸರು ಹಳ್ಳಿಗಳಲ್ಲಿ ಅಳಿದಿರಲಿಲ್ಲವೆಂದು 1897ರಲ್ಲಿ ಅವರ ಗ್ರಂಥವನ್ನು ಹೊಸದಾಗಿ ಭಾಷಾಂತರಿಸಿದ ಬೋಷಾಂ ಎಂಬ ಇಂಗ್ಲಿಷನು ಬರೆದಿದ್ದಾನೆ.

ಬಡವರ ಗುರುವಿಗೆ ಮೊದಲು ಎದುರಾಗುವುದು ವೇದಾಂತವಲ್ಲ, ಹೊಟ್ಟೆ. ಉಳಲು ನೆಲವಿಲ್ಲದವನು ಇನ್ನೊಬ್ಬನ ಹಂಗಿನಲ್ಲಿರುತ್ತಾನೆ. ಒಂದು ವರ್ಷ ಮಳೆ ಹೋಯಿತೆಂದರೆ ಗುಳೆ ಎದ್ದು ಹೋಗುತ್ತಾನೆ. ಅವನೊಡನೆ ಗುರುವಿನ ಸಭೆಯೂ ಗುಳೆ ಹೋಗುತ್ತದೆ. ಈ ನಿಜವನ್ನು ದುಬ್ವಾ ಅವರು ಬಹುಬೇಗನೆ ಅರಿತುಕೊಂಡಂತೆ ತೋರುತ್ತದೆ. ತಮ್ಮ ಜನರನ್ನು ನೆಲಕ್ಕೆ ಹತ್ತಿಸಿ ನಿಲ್ಲಿಸುವುದಕ್ಕಾಗಿ ಅವರು ಬೇಸಾಯದ ಬೀಡುಗಳನ್ನು ಏರ್ಪಡಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿಯ ಸಾತಳ್ಳಿ. ಕಾಲವೂ ಅದಕ್ಕೆ ಅನುಕೂಲವಾಗಿತ್ತು. ದಿವಾನ್ ಪೂರ್ಣಯ್ಯನವರ ಸರ್ಕಾರಕ್ಕೆ ಬೀಳುಬಿದ್ದ ಭೂಮಿ ಮತ್ತೆ ಸಾಗುವಳಿಗೆ ಬರಬೇಕಾಗಿತ್ತು. ಒಕ್ಕಲಾಗಿ ನಿಲ್ಲುವವರು ಯಾರೇ ಆದರೂ ಬೇಡವೆನ್ನುವ ಸಮಯ ಅದಲ್ಲ. ಘಟ್ಟದ ಸೆರಗಿನ ಆ ಸೀಮೆಯಲ್ಲಿ ಕ್ರೈಸ್ತ ಒಕ್ಕಲುಗಳು ನಾಲ್ಕು ತಲೆಮಾರು ಬೇರುಬಿಟ್ಟು ನಿಂತವು. ಮುಂದೆ 1860ರ ದಶಕದಲ್ಲಿ ಅದೇ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ದೊಡ್ಡ ಇಗರ್ಜಿಯು ಹೇಮಾವತಿ ಜಲಾಶಯದ ನೀರಿಗೆ ಸಿಕ್ಕಿ, ಇಂದು ಮಳೆಗಾಲದಲ್ಲಿ ಮುಳುಗುತ್ತ ಬೇಸಗೆಯಲ್ಲಿ ಏಳುತ್ತ ನಿಂತಿರುವುದನ್ನು ನೋಡಲು ಯಾತ್ರಿಕರು ಗುಂಪುಗುಂಪಾಗಿ ಹೋಗುತ್ತಾರೆ. ಪಾಳುಗೋಡೆಯ ಸೊಬಗನ್ನು ಮೆಚ್ಚುವವರಲ್ಲಿ ಸಾತಳ್ಳಿಯ ಹೊಲಗಳ ಕಡೆಗೆ ಕಣ್ಣು ಹಾಯಿಸುವವರು ಬಹಳ ಮಂದಿ ಇರಲಾರರು. ಉಳುವ ಹೊಲದಲ್ಲಿ ನೋಡುವುದಕ್ಕೇನಿದೆ?

ಹಸಿವೆಯ ಜೊತೆಗೆ ಇನ್ನೊಂದು ಶತ್ರು ಸಿಡುಬು. ಅಮ್ಮನು ಊರಿಗೆ ಬಂದಳೆಂದರೆ ಮನೆಗೊಂದು ಹೆಣ. ಬದುಕಿದವರಲ್ಲಿ ಕಣ್ಣು ಹೋದವರೆಷ್ಟೋ. ಇಂಗ್ಲೆಂಡಿನ ಜೆನ್ನರನು ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂಬ ತನ್ನ ಶೋಧವನ್ನು ಪ್ರಕಟಿಸಿದ್ದು 1798ರಲ್ಲಿ. ಭಾರತದಲ್ಲಿ ಇದು ಮೊದಲು ಫಲಿಸಿದ್ದು 1802ರ ಜೂನ್ 14ರಂದು, ಮುಂಬಯಿಯ ಮೂರು ವರ್ಷದ ಹೆಣ್ಣುಮಗುವೊಂದರ ತೋಳಿನಲ್ಲಿ. ಆ ಕಾಲದ ವಿಧಾನವನ್ನು ಸ್ವಲ್ಪ ವಿವರಿಸಬೇಕು. ಲಸಿಕೆಯನ್ನು ಸೀಸೆಯಲ್ಲಿ ತುಂಬಿ ಕಳುಹಿಸಿದರೆ ನಮ್ಮ ದೇಶದ ಸೆಕೆಗೆ ಅದು ಸತ್ವಗುಂದುತ್ತಿತ್ತು. ಒಂದು ಮಗುವಿನ ತೋಳಿಗೆ ಚುಚ್ಚಿ, ಎಂಟನೆಯ ದಿನದ ವೇಳೆಗೆ ಅಲ್ಲಿ ಏಳುವ ಬೊಕ್ಕೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಚ್ಚಬೇಕು; ಅದರಿಂದ ಮತ್ತೊಂದಕ್ಕೆ. ಸರಪಣಿ ಒಂದು ಕಡೆ ಕಡಿದರೆ ಎಲ್ಲವೂ ಹೋಯಿತು. ಎಂದರೆ, ಒಂದೂರಿನ ಮಗುವನ್ನು ಇನ್ನೊಂದೂರಿಗೆ ಕರೆದೊಯ್ಯಲು ತಾಯಿಯನ್ನು ಒಪ್ಪಿಸಬೇಕು. ಆ ಊರಿನವರು, ಯಾವ ಜಾತಿಯದೋ ಏನೋ, ಆ ಮಗುವಿನ ಮೈಯ ರಸವನ್ನು ತಮ್ಮ ಮಗುವಿನ ಮೈಗೆ ಸೇರಿಸಲು ಒಪ್ಪಬೇಕು. ಎಂಟು ದಿನ ಬಿಟ್ಟು ಮತ್ತೆ ಬಂದು ನೋಡಬೇಕು. ಶಾಸ್ತ್ರವೆಲ್ಲ ಜೆನ್ನರನದು; ಆದರೆ ಹಳ್ಳಿಯಲ್ಲಿ ಅದು ನಡೆಯಬೇಕಾದರೆ ಬೇಕಾದುದು ವೈದ್ಯನಿಗಿಂತ ಹೆಚ್ಚಾಗಿ, ಬಾಗಿಲಲ್ಲಿ ನಿಂತು ಮಾತಾಡಿದರೆ ಜನ ನಂಬುವಂಥ ಒಬ್ಬ ಮನುಷ್ಯ.

ಮೈಸೂರು ಸೀಮೆಯಲ್ಲಿ ದುಬ್ವಾ ಅವರು ಅಂಥ ಮನುಷ್ಯರಾಗಿದ್ದರು. ಹಳ್ಳಿಯವರು 'ದಾಕು ಹಾಕುವುದು' ಎಂದು ಕರೆದ ಈ ಕೆಲಸಕ್ಕೆ ಅವರು ತಮ್ಮ ಪ್ರಭಾವವನ್ನೆಲ್ಲ ಉಪಯೋಗಿಸಿದರು. 1803-04ರ ಸಾಲಿನಲ್ಲಿ ದಾಕು ಹಾಕಿಸಿಕೊಂಡು ಸರ್ಕಾರಿ ದಾಖಲೆಗೆ ಸೇರಿದವರ ಸಂಖ್ಯೆ 25,432. ರಸ್ತೆಗಳಿಲ್ಲದ ಕಾಲದಲ್ಲಿ, ಯುದ್ಧ ಮುಗಿದು ನಾಲ್ಕೇ ವರ್ಷವಾಗಿದ್ದ ಸೀಮೆಯಲ್ಲಿ, ಇದು ಅಲ್ಪಸಂಖ್ಯೆಯಲ್ಲ. ಮೈಸೂರು ಅರಮನೆಯಲ್ಲಿ ರಾಣಿಯೊಬ್ಬರು ದಾಕು ಹಾಕಿಸಿಕೊಂಡು ಪ್ರಜೆಗಳಿಗೆ ಮೇಲ್ಪಂಕ್ತಿಯಾದದ್ದು 1806ರಲ್ಲಿ. ಹಿಕ್ಕಿಯೇ ಬರೆದ ಮೈಸೂರಿನ ಮೂವರು ರಾಣಿಯರ ಚಿತ್ರವೊಂದರಲ್ಲಿ, ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವ ಭಂಗಿಯು ದಾಕನ್ನೇ ಸೂಚಿಸುತ್ತದೆಂದು ಈಚಿನ ಸಂಶೋಧಕರು ಊಹಿಸಿದ್ದಾರೆ. ಆ ಚಿತ್ರಕ್ಕೆ ಈಗ ಲೋಕಪ್ರಸಿದ್ಧಿ. ರಾಣಿಯ ತೋಳಿಗಿಂತ ಎರಡು ಮೂರು ವರ್ಷ ಮೊದಲೇ ಚುಚ್ಚಿಸಿಕೊಂಡ ಆ 25,432 ತೋಳುಗಳನ್ನು ಯಾವ ಚಿತ್ರಗಾರನೂ ಬರೆಯಲಿಲ್ಲ.

ಇನ್ನು ಪುಸ್ತಕದ ವಿಷಯ. ಅದರ ಹಸ್ತಪ್ರತಿಯನ್ನು ಮೈಸೂರಿನಲ್ಲಿ ರೆಸಿಡೆಂಟರ ಕೆಲಸವನ್ನು ನೋಡುತ್ತಿದ್ದ ಮೇಜರ್ ವಿಲ್ಕ್ಸ್, ನಮ್ಮ ಸೀಮೆಯ ಚರಿತ್ರೆಯನ್ನು ಬರೆದ ಅದೇ ವಿಲ್ಕ್ಸ್, ಮೆಚ್ಚಿ ಮದರಾಸಿಗೆ ಕಳುಹಿಸಿದನು. ಗವರ್ನರ್ ಬೆಂಟಿಂಕ್ ಪ್ರಭುವೂ ಮೆಚ್ಚಿದನು. 1807ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಅದನ್ನು 2,000 ನಕ್ಷತ್ರ ವರಹಗಳಿಗೆ ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ನೂರೆಪ್ಪತ್ತು ವರ್ಷಗಳ ತರುವಾಯ ಈ ಕಥೆಗೆ ಒಂದು ತಿರುವು ಬಂದಿತು. ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿಯು 1987ರಲ್ಲಿ ಪ್ರಕಟಿಸಿದ ತಮ್ಮ ಸಂಶೋಧನೆಯಲ್ಲಿ, ದುಬ್ವಾ ಗ್ರಂಥದ ಬಹುಭಾಗವು ಅವರಿಗಿಂತ ಹಿಂದಿನ ಯೇಸುಸಂಘದ ಪಾದ್ರಿ ಕೂರ್ದೂ ಎಂಬಾತನ ಬರಹದ ಮೇಲೆ ನಿಂತಿದೆಯೆಂದು ತೋರಿಸಿಕೊಟ್ಟರು. ಕೂರ್ದೂ 1779ರಲ್ಲಿ ತೀರಿಕೊಂಡಿದ್ದನು. ಅವನ ಬರಹವನ್ನು ದೆವೋ ಎಂಬ ಫ್ರೆಂಚ್ ಸೇನಾಧಿಕಾರಿಯೊಬ್ಬನು ಕ್ರಮಪಡಿಸಿ ಇಟ್ಟುದು ಉಳಿದುಬಂದಿತ್ತು. ದುಬ್ವಾ ಅವರು ಆ ಮೂಲದ ಹೆಸರನ್ನು ಎತ್ತಲೇ ಇಲ್ಲ. ಇದಕ್ಕೆ ನಾವು ಬಣ್ಣ ಹಚ್ಚಬೇಕಾಗಿಲ್ಲ, ತಪ್ಪು ತಪ್ಪೇ. ಆ ಕಾಲದ ಗ್ರಂಥಕರ್ತರು ಇಂಥ ಸಾಲವನ್ನು ಲಘುವಾಗಿ ಎಣಿಸುತ್ತಿದ್ದರೆಂದು ಹೇಳುವುದುಂಟು; ಆದರೆ 2,000 ವರಹವನ್ನು ಅವರು ಲಘುವಾಗಿ ಎಣಿಸಿರಲಾರರು.

ಹಾಗಾದರೆ ಆ ಗ್ರಂಥದಲ್ಲಿ ದುಬ್ವಾ ಅವರದೇ ಆದದ್ದು ಏನೂ ಇಲ್ಲವೆ? ಉಂಟೆಂದು ನಮ್ಮ ಅಭಿಪ್ರಾಯ. ಬ್ರಾಹ್ಮಣರ ಷೋಡಶ ಸಂಸ್ಕಾರಗಳನ್ನೂ ಸಂನ್ಯಾಸಿಗಳ ವ್ರತಗಳನ್ನೂ ವಿವರಿಸುವ ಪ್ರಖ್ಯಾತ ಭಾಗಗಳನ್ನು ಬಿಟ್ಟು, ಈ ದೇಶದವರ ಬಡತನವನ್ನು ಕುರಿತ ಅಧ್ಯಾಯವನ್ನು ತೆರೆಯಬೇಕು. ಅಲ್ಲಿ ಜನರನ್ನು ಜಾತಿಯಿಂದಲ್ಲ, ಆಸ್ತಿಯಿಂದ ವಿಂಗಡಿಸಿದ್ದಾರೆ. 5 ಪೌಂಡಿಗಿಂತ ಕಡಿಮೆ ಬೆಲೆಯ ಸ್ವತ್ತುಳ್ಳವರದು ಕೊನೆಯ ತರಗತಿ. ಅವರೇ ಇಡೀ ಜನಸಂಖ್ಯೆಯ ಇಪ್ಪತ್ತರಲ್ಲಿ ಒಂಬತ್ತು ಪಾಲು, ಅಥವಾ ಅರ್ಧವೇ ಇರಬಹುದೆಂದು ಅಂದಾಜು. ಕೂಲಿಯಾಳು, ಜೀತದಾಳು, ಊರ ಹೊರಗಿನ ಕೇರಿಯವರು, ಎಲ್ಲರೂ ಅದರಲ್ಲಿ ಬರುತ್ತಾರೆ. ಮದುವೆಯ ಖರ್ಚಿಗೆಂದು ಧಣಿಯಿಂದ ಸಾಲ ತಂದವನು ಹೇಗೆ ಹೆಂಡತಿ ಮಕ್ಕಳೊಡನೆ ಜೀತಕ್ಕೆ ಬೀಳುತ್ತಾನೆಂಬುದನ್ನು ಅವರು ಬಲ್ಲರು. ಮದುವೆಗಳನ್ನು ನಡೆಸುವ ಗುರುವಿಗೆ ಅದು ತಿಳಿಯದೆ ಹೋದೀತೆ? ಅದಕ್ಕಿಂತ ಮುಖ್ಯವಾದುದು ನೇಯ್ಗೆಯವರ ಮಾತು. ಯೂರೋಪಿನ ಯಂತ್ರಗಳ ಬಟ್ಟೆ ಬಂದು ಈ ದೇಶದ ಮಗ್ಗಗಳು ನಿಂತುಹೋದುದನ್ನೂ, ತಾವು ಹೊರಡುವ ಮುನ್ನ ಕಂಡ ನೇಕಾರ ಊರುಗಳಲ್ಲಿ ಜನರು ಅನ್ನವಿಲ್ಲದೆ ಸಾಯುತ್ತಿದ್ದುದನ್ನೂ, ನೂಲು ತೆಗೆದು ಹೊಟ್ಟೆಹೊರೆಯುತ್ತಿದ್ದ ವಿಧವೆಯರ ಕೈಗೆ ಕೆಲಸ ತಪ್ಪಿದುದನ್ನೂ ಅವರು ಬರೆದಿದ್ದಾರೆ. 1779ರಲ್ಲಿ ಸತ್ತ ಕೂರ್ದೂ ಇದನ್ನು ಕಂಡಿರುವುದು ಅಸಾಧ್ಯ. ಆಗ ಲ್ಯಾಂಕಷೈರಿನ ಬಟ್ಟೆ ಇನ್ನೂ ನಮ್ಮ ಸಂತೆಗಳಿಗೆ ಬಂದಿರಲಿಲ್ಲ. ಈ ಪುಟಗಳು ಹಳ್ಳಿಗಾಡಿನ ಗುರುಗಳ ಸ್ವಂತದ್ದು. ದಾದಾಭಾಯಿ ನವರೋಜಿಯವರೂ ರಮೇಶಚಂದ್ರ ದತ್ತರೂ ಈ ದೇಶದ ಬಡತನಕ್ಕೆ ಲೆಕ್ಕ ಬರೆಯುವುದಕ್ಕೆ ಬಹುಕಾಲ ಮುಂಚೆ, ಹುಲ್ಲುಮಾಡಿನ ಕೆಳಗೆ ಕುಳಿತ ಒಬ್ಬ ಪಾದ್ರಿಯು ಅದರ ಮೊದಲ ಪುಟವನ್ನು ಬರೆದಿಟ್ಟಿದ್ದನು.

ಒಂದು ಲೆಕ್ಕವನ್ನು ನಾವೂ ಮಾಡಿನೋಡೋಣ. ಕಂಪೆನಿಯ ಪದ್ಧತಿಯಂತೆ ನಕ್ಷತ್ರ ವರಹಕ್ಕೆ 8 ಷಿಲಿಂಗು. 2,000 ವರಹವೆಂದರೆ 800 ಪೌಂಡು. ಆ ಕೊನೆಯ ತರಗತಿಯ ಸಂಸಾರಕ್ಕೆ ಅವರು ಹೇಳಿದ ಮೇಲೆಣಿಕೆಯಾದ 5 ಪೌಂಡನ್ನೇ ಹಿಡಿದರೂ, ಇಂಥ 160 ಸಂಸಾರಗಳ ಮನೆ, ಎತ್ತು, ಪಾತ್ರೆ, ಬಟ್ಟೆ ಎಲ್ಲವನ್ನೂ ಕೂಡಿಸಿದಷ್ಟು ಬೆಲೆ ಆ ಹಸ್ತಪ್ರತಿಗೆ ಬಂದಿತು.

ಬಡವರನ್ನು ಇಷ್ಟು ಹತ್ತಿರದಿಂದ ಕಂಡ ಈ ಗುರುಗಳು ಜಾತಿಪದ್ಧತಿಯನ್ನು ಖಂಡಿಸಿರಬೇಕೆಂದು ನೀವು ಊಹಿಸಬಹುದು. ಇಲ್ಲ. ಹಿಂದೂ ಶಾಸನಕರ್ತರು ಮಾಡಿದ ಏರ್ಪಾಡುಗಳಲ್ಲೆಲ್ಲ ಜಾತಿಯೇ ಶ್ರೇಷ್ಠವಾದದ್ದು, ಅದಿಲ್ಲದಿದ್ದರೆ ಈ ಜನ ಅನಾಗರಿಕತೆಗೆ ಇಳಿಯುತ್ತಿದ್ದರು ಎಂದು ಅವರು ಹೊಗಳಿದ್ದಾರೆ. ತಮ್ಮ ದೇಶದಲ್ಲಿ ಹಳೆಯ ಕಟ್ಟುಪಾಡುಗಳೆಲ್ಲ ಒಮ್ಮೆಗೇ ಮುರಿದು ರಕ್ತ ಹರಿದುದನ್ನು ಕೇಳಿ ತಿಳಿದಿದ್ದವರಿಗೆ, ಅಲುಗದೆ ನಿಂತ ಯಾವ ಕಟ್ಟುಪಾಡಾದರೂ ಸೊಗಸಾಗಿ ಕಂಡಿರಬಹುದು. ಆದರೆ ಆ ಕಟ್ಟಡದ ಅಡಿಗಲ್ಲಾಗಿ ಬಿದ್ದಿದ್ದವರು ತಮ್ಮ ಸಭೆಯವರೇ ಎಂಬುದನ್ನು ಅವರು ಆ ಪುಟಗಳಲ್ಲಿ ನೆನೆಯುವುದಿಲ್ಲ. ಕೇರಿಯವರ ದುರವಸ್ಥೆಯನ್ನು ಒಂದು ಅಧ್ಯಾಯದಲ್ಲಿ ಕರುಣೆಯಿಂದ ಬರೆದು, ಅದಕ್ಕೆ ಕಾರಣವಾದ ಏರ್ಪಾಡನ್ನು ಇನ್ನೊಂದು ಅಧ್ಯಾಯದಲ್ಲಿ ಕೊಂಡಾಡುವುದು ನಮಗೆ ಸರಿದೂಗದು.

1823ರ ಜನವರಿ 15ರಂದು ದುಬ್ವಾ ಅವರು ಈ ದೇಶವನ್ನು ಬಿಟ್ಟರು. ಕಂಪೆನಿಯವರು ದಾರಿಖರ್ಚನ್ನೂ ವಿಶ್ರಾಂತಿವೇತನವನ್ನೂ ಕೊಟ್ಟರು. ಅದೇ ವರ್ಷ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಪ್ರಕಟವಾದುವು. ಹಿಂದೂಗಳನ್ನು ಕ್ರೈಸ್ತಮತಕ್ಕೆ ತಿರುಗಿಸುವುದು ಈಗಿನ ಸ್ಥಿತಿಯಲ್ಲಿ ಆಗದ ಕೆಲಸವೆಂಬುದೇ ಅವುಗಳ ಸಾರ. ಪಾದ್ರಿಗಳು ಪರಂಗಿಯವರೆಂಬುದು ಜನರಿಗೆ ತಿಳಿದುಹೋದದ್ದು, ಯೂರೋಪಿಯನರ ಯುದ್ಧಗಳು, ಅವರ ನಡತೆ, ಎಲ್ಲವೂ ಸೇರಿ ಈ ಬಾಗಿಲನ್ನು ಮುಚ್ಚಿದುವೆಂದು ಅವರ ವಾದ. ತಮ್ಮ ಹಳ್ಳಿಯ ಕ್ರೈಸ್ತರು ಹಬ್ಬದ ಉತ್ಸವಗಳಲ್ಲಿ ಡೋಲು, ತುತ್ತೂರಿ, ಬಾಣಬಿರುಸುಗಳೊಂದಿಗೆ ಮೆರವಣಿಗೆ ಹೊರಡುವುದನ್ನು ಕಂಡು ಯೂರೋಪಿಯನರ ಮುಂದೆ ತಲೆತಗ್ಗಿಸಬೇಕಾಯಿತೆಂದು ಬರೆದರು. ಡೋಲಿಲ್ಲದ ಜಾತ್ರೆಯನ್ನು ನಮ್ಮ ಹಳ್ಳಿಯವನು ಜಾತ್ರೆಯೆನ್ನುವನೆ? ಕೊನೆಗೆ ತಮ್ಮ ಲೆಕ್ಕವನ್ನೂ ಒಪ್ಪಿಸಿದರು: ದೇಶೀ ಗುರುವೊಬ್ಬನ ನೆರವಿನಿಂದ ಇಷ್ಟು ವರ್ಷಗಳಲ್ಲಿ ತಾವು ಮತಕ್ಕೆ ಸೇರಿಸಿದವರು ಗಂಡಸರು ಹೆಂಗಸರು ಸೇರಿ ಇನ್ನೂರರಿಂದ ಮುನ್ನೂರು, ಅವರಲ್ಲಿಯೂ ಮೂರರಲ್ಲಿ ಎರಡು ಪಾಲು ಪರೆಯರು, ಭಿಕ್ಷುಕರು, ಮಿಕ್ಕವರು ದಿಕ್ಕಿಲ್ಲದೆ, ಮದುವೆಯ ಸಂಬಂಧಕ್ಕೋ ಬೇರೆ ಪ್ರಯೋಜನಕ್ಕೋ ಬಂದವರು.

ಇಂಗ್ಲೆಂಡಿನ ಮಿಷನರಿಗಳು ಇದರಿಂದ ಕೆರಳಿದುದು ಸಹಜ. ಹಫ್ ಎಂಬಾತನೂ ಟೌನ್ಲಿ ಎಂಬಾತನೂ 1824ರಲ್ಲಿಯೇ ಉತ್ತರಗ್ರಂಥಗಳನ್ನು ಬರೆದರು. ಆ ವಾಗ್ವಾದದ ವಿವರಗಳು ನಮಗೆ ಬೇಕಾಗಿಲ್ಲ. ಅದರಲ್ಲಿ ಎರಡು ಪಕ್ಷದವರೂ ಒಪ್ಪಿಕೊಂಡ ಒಂದು ವಿಷಯವಿದೆ: ಗುರುವಿನ ಕೆಲಸವನ್ನು ಅಳೆಯುವ ಕೋಲು ಮತಾಂತರವಾದವರ ತಲೆಯೆಣಿಕೆ, ಅದರಲ್ಲಿಯೂ ಭಿಕ್ಷುಕರ ತಲೆಗೆ ಬೆಲೆ ಕಡಿಮೆ. ದುಬ್ವಾ ಅವರು ಅದೇ ಕೋಲಿನಿಂದ ತಮ್ಮನ್ನು ಅಳೆದುಕೊಂಡು ಸೋತೆವೆಂದರು. ಪ್ರಾಮಾಣಿಕತೆಯೇನೋ ಮೆಚ್ಚತಕ್ಕದ್ದು. ಆದರೆ ಆ ಇನ್ನೂರು ಮುನ್ನೂರು ಜನರಲ್ಲಿ ಒಬ್ಬರನ್ನಾದರೂ ಕೇಳಿ ಬರೆದ ಲೆಕ್ಕವಲ್ಲ ಅದು. ದಿಕ್ಕಿಲ್ಲದವರು ಮದುವೆಯ ಸಂಬಂಧಕ್ಕಾಗಿ ಬಂದರೆಂಬುದನ್ನು ಅವರು ಹೀನೈಸಿ ಬರೆದಿದ್ದಾರೆ. ಕುಲದಿಂದ ಹೊರಬಿದ್ದು ಮಕ್ಕಳಿಗೆ ಹೆಣ್ಣುಗಂಡು ಸಿಕ್ಕದೆ ಅಲೆಯುತ್ತಿದ್ದವನಿಗೆ ಒಂದು ಬಳಗ ದೊರಕಿತೆಂದರೆ ಅದೇನು ಸಣ್ಣ ಮಾತೆ? ಸಾತಳ್ಳಿಯಲ್ಲಿ ಆರು ಹೂಡಿದವನು ಹಳೆಯ ಕ್ರೈಸ್ತನೋ ಹೊಸಬನೋ, ಮತಾಂತರದ ಎಣಿಕೆಗೆ ಹಳಬನು ಬರುವುದೇ ಇಲ್ಲ. ದಾಕು ಹಾಕಿಸಿಕೊಂಡವರಂತೂ ಯಾವ ಮತದ ಲೆಕ್ಕಕ್ಕೂ ಸೇರುವವರಲ್ಲ. ಇನ್ನೂರು ಮುನ್ನೂರು ಎಂದು ಬರೆದ ಕೈಯೇ 25,432 ಎಂಬ ಅಂಕಿಗೂ ಕಾರಣವಾಗಿತ್ತು; ಪತ್ರಗಳ ತೀರ್ಪಿನಲ್ಲಿ ಮಾತ್ರ ಎರಡನೆಯ ಅಂಕಿಗೆ ಎಡೆ ಸಿಕ್ಕಲಿಲ್ಲ.

ಪ್ಯಾರಿಸ್ಸಿಗೆ ಹಿಂದಿರುಗಿದ ಮೇಲೆ ಅವರು ತಮ್ಮ ಗ್ರಂಥದ ಫ್ರೆಂಚ್ ಪಾಠವನ್ನು 1825ರಲ್ಲಿಯೂ, ಪಂಚತಂತ್ರದ ಫ್ರೆಂಚ್ ಅನುವಾದವನ್ನು 1826ರಲ್ಲಿಯೂ ಹೊರತಂದರು. ನಮ್ಮ ದೇಶದ ನರಿ, ಆಮೆ, ಕಾಗೆಗಳು ಹಾಗೆ ಸೇನ್ ನದಿಯ ದಂಡೆಯನ್ನು ಸೇರಿದುವು. ವಿದೇಶೀ ಮಿಷನ್ ಸಂಘದ ಸೆಮಿನರಿಯಲ್ಲಿ ಅಧಿಕಾರಿಯಾಗಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರೇ ಆಗಿದ್ದು, 1848ರ ಫೆಬ್ರವರಿ 17ರಂದು ತೀರಿಕೊಂಡರು. ಆಗದ ಕೆಲಸವೆಂದು ಲೋಕಕ್ಕೆ ಸಾರಿದವರ ಮೇಲ್ವಿಚಾರಣೆಯಲ್ಲಿಯೇ ಆ ಸೆಮಿನರಿಯಿಂದ ತರುಣ ಪಾದ್ರಿಗಳು ಪೂರ್ವದೇಶಗಳಿಗೆ ಹೊರಡುತ್ತಿದ್ದರು. ಅವರ ತರುವಾಯವೂ ಹೊರಟರು. ಅವರಲ್ಲಿ ಕೆಲವರು ಪುದುಚ್ಚೇರಿಯ ಬಂದರಿನಲ್ಲಿ ಇಳಿದು, ಘಟ್ಟವನ್ನು ಹತ್ತಿ, ಮೈಸೂರು ಸೀಮೆಯ ಹಳ್ಳಿಗಳಿಗೆ ಬಂದು ಸೇರಿದರು.